ಬೆನ್ನರಾಯನಿಗೊಂದು ಮುಖ

ಚಿಕ್ಕಜ್ಜಿ ತೀರಿಕೊಂಡು ಅವಳ ಮನೆ ನನ್ನ ಹೆಸರಿಗೆ ಬಂತು ಎಂದು ತಿಳಿದಾಗ ಅಮ್ಮ ಮೊದಲು ಕೇಳಿದ್ದು, "ನಿನಗೇ ಯಾಕೆ?" ಎಂದು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಬರೀ ಬೆರಗು. ನಮ್ಮ ಮನೆತನದಲ್ಲಿ ಕೆಲಸಕ್ಕೆ ಬರುವ ಮೊಮ್ಮಕ್ಕಳು ಬೇಕಾದಷ್ಟಿದ್ದರು. ನಾನು ಹಾಲನ್ನು ಒಲೆಯ ಮೇಲಿಟ್ಟು, ಕಿಟಕಿಯಾಚೆ ಹೋಗುವ ಮೋಡ ಯಾರ ಹಾಗಿದೆ ಎಂದು ನೋಡುತ್ತ ನಿಲ್ಲುವವಳು. ಹಾಲು ಉಕ್ಕಿದ ಮೇಲೆ ಅದೂ ಮೋಡದ ಹಾಗೇ ಇದೆ ಅನ್ನುವವಳು.

"ಈ ಹುಡುಗಿಗೆ ಕಥೆ ಅಂದ್ರೆ ನಂಬಿಕೆ, ಅದಕ್ಕೇ ಕೊಡ್ತಿದ್ದೀನಿ ಅಂದಿದ್ರು," ಎಂದು ವಕೀಲರು ಬೀಗದ ಕೈ ಮುಂದಿಟ್ಟರು. "ಇನ್ನೊಂದು ಮಾತೂ ಹೇಳಿದ್ರು. ಮನೆ ಖಾಲಿ ಇಲ್ಲ, ಇರೋರನ್ನ ಎಬ್ಬಿಸಬೇಡಿ ಅಂತ. ನಾನೇ ಖುದ್ದಾಗಿ ಹೋಗಿ ನೋಡ್ದೆ ಕಣಮ್ಮ. ಒಂದು ಇಲಿಯೂ ಇಲ್ಲ."

ನನ್ನನ್ನು ಬೆಳೆಸಿದ್ದು ಅಜ್ಜಿ ಮತ್ತು ಅವಳ ಕಥೆಗಳು. ಅನ್ನದ ತುತ್ತಿಗೊಂದು ರಾಕ್ಷಸ, ಜಡೆಯ ಎಳೆಗೊಂದು ರಾಜಕುಮಾರ. ಅವಳ ತಂಗಿ ಚಿಕ್ಕಜ್ಜಿ ಮಾತ್ರ ಕಥೆ ಹೇಳುವ ಗೋಜಿಗೇ ಹೋದವಳಲ್ಲ. ಆಕೆ ಕಥೆಯನ್ನು ಮನೆಯಲ್ಲಿ ಸಾಕಿಕೊಂಡಿದ್ದಳು ಎಂದು ನನಗೆ ತಿಳಿದದ್ದು ಬೀಗ ತೆಗೆದ ಮೇಲೆ.

ಆ ಮನೆ ಕಟ್ಟಿಸಿದವರು ಜಪಾನಿನಿಂದ ಬಂದು ನೆಲೆಸಿದ್ದ ಒಬ್ಬ ಹಲ್ಲಿನ ಡಾಕ್ಟರು. ಚಿಕ್ಕಜ್ಜಿ ಹರೆಯದಲ್ಲಿ ಅವರ ದವಾಖಾನೆಯಲ್ಲಿ ರೋಗಿಗಳ ಹೆಸರು ಕೂಗುವ ಕೆಲಸಕ್ಕಿದ್ದಳು. ಡಾಕ್ಟರಿಗೆ ತಮ್ಮ ದೇಶದಿಂದ ಕರೆ ಬಂದು ಹೊರಟಾಗ ಮನೆಯನ್ನೂ, ಅವರು ಅಲ್ಲಿಂದ ಹಡಗಿನಲ್ಲಿ ತರಿಸಿದ್ದ ಹಳೇ ಸಾಮಾನನ್ನೂ ಅವಳಿಗೇ ಬಿಟ್ಟುಹೋದರು. ಸಾಮಾನಿನ ಜೊತೆ ಯಾರ್ಯಾರು ಬಂದಿದ್ದರು ಅನ್ನುವುದು ಯಾವ ಪತ್ರದಲ್ಲೂ ಬರೆಯುವಂಥದ್ದಲ್ಲ.

ಭಾನುವಾರ ಬೆಳಿಗ್ಗೆ ಹೋದೆ. ಕಿರಿದಾದ ಮಹಡಿ ಮನೆ. ಪಕ್ಕದಲ್ಲಿ ಬೀಗದ ಕೈ ಮಾಡಿಕೊಡುವ ಅಂಗಡಿ, ಅದರಾಚೆ ಸೈಕಲ್ಲು ನಿಲ್ಲಿಸುವ ಜಾಗ. ಒಳಗೆಲ್ಲ ಮರದ ನೆಲ; ಕಾಲಿಟ್ಟರೆ ಬೆಕ್ಕಿನ ಬಾಲ ತುಳಿದ ಹಾಗೆ ಸದ್ದು. ಹೊಸ್ತಿಲು ದಾಟಿದ್ದೆನಷ್ಟೆ.

"ಚಪ್ಪಲಿ!"

ಮೂಲೆಯಲ್ಲಿ ಎಣ್ಣೆಕಾಗದದ ಒಂದು ಹಳೇ ಕೊಡೆ ನಿಂತಿತ್ತು. ಅದರ ಮಡಿಕೆಗಳ ನಡುವೆ ಒಂಟಿ ಕಣ್ಣೊಂದು ತೆರೆದುಕೊಂಡು ನನ್ನ ಪಾದವನ್ನೇ ದುರುಗುಟ್ಟುತ್ತಿತ್ತು. ಹಿಡಿ ಇರಬೇಕಾದಲ್ಲಿ ಒಂಟಿ ಕಾಲು. ಆ ಕಾಲಿಗೆ ಮರದ ಚಪ್ಪಲಿ.

"ನೀವೂ ಹಾಕ್ಕೊಂಡಿದ್ದೀರಲ್ಲ," ಅಂದೆ. ಕಿಟಾರನೆ ಕಿರುಚಬೇಕಾದ ಜಾಗದಲ್ಲಿ ನನ್ನ ಬಾಯಿಗೆ ಬಂದದ್ದು ಇದು. ಎಲ್ಲ ಅಜ್ಜಿ ಮಾಡಿದ ಹಾಳು.

"ನಂದು ಒಂದೇ. ಅರ್ಧ ತಪ್ಪು. ನಿಂದು ಪೂರ್ತಿ. ಬಿಚ್ಚು ಮೊದಲು!"

ಬಿಚ್ಚಿದೆ. ದನಿ ಒಣಗಿದ ಕಾಗದದ್ದು, ಮಾತು ಮಾತ್ರ ಥೇಟ್ ಚಿಕ್ಕಜ್ಜಿಯದು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಅವಳ ಬೈಗುಳ ಕೇಳೀ ಕೇಳೀ ಕೊಡೆಯಮ್ಮ ಮಾತು ಕಲಿತಿದ್ದಳು. ಹಾಗಾಗಿ ಬೈಯುವಾಗ ನಿರರ್ಗಳ. ಹೊಗಳಬೇಕಾದರೆ ಪದ ಸಿಗದೆ ತಡವರಿಸುತ್ತಿದ್ದಳು.

"ನಮ್ಮ ಕಡೆ ಸಾಮಾನು ನೂರು ವರ್ಷ ಬಾಳಿದ್ರೆ ಜೀವ ಬರತ್ತೆ," ಎಂದು ಅವಳೇ ವಿವರಿಸಿದಳು. "ನಿಮ್ಮ ಕಡೆ ಮನುಷ್ಯರಿಗೆ ಅಷ್ಟು ಹೊತ್ತಿಗೆ ಹೋಗತ್ತೆ. ಯಾರದು ಲಾಭ ಹೇಳು?"

ಅಷ್ಟರಲ್ಲಿ ಬಚ್ಚಲಿನಿಂದ ಮೊದಲು ಒಂದು ಉದ್ದ ನಾಲಗೆ, ಅದರ ಹಿಂದೆ ನಾಚಿಕೊಂಡ ಒಂದು ಹಸಿರು ಮುಖ ಹಣಕಿತು. ಇವನು ಬಚ್ಚಲಣ್ಣ. ಬಚ್ಚಲಿನ ಜಿಡ್ಡು ನೆಕ್ಕುವುದೇ ಅವನ ಊಟ, ಅದೇ ಉದ್ಯೋಗ. ಚಿಕ್ಕಜ್ಜಿ ಹೋದಾಗಿನಿಂದ ಪಾಪ ಉಪವಾಸ.

"ಅಕ್ಕಾ, ದಿನಾ ಸ್ನಾನ ಮಾಡ್ತೀರಾ?"

"ಮಾಡ್ತೀನಪ್ಪ."

"ತಲೆಗೆ ಎಣ್ಣೆ ಹಚ್ಕೋತೀರಾ?"

"ಒಂದೊಂದ್ಸಲ."

ಅವನ ಕಣ್ಣಲ್ಲಿ ನೀರು ತುಂಬಿತು. "ಇವರೇ ಇರ್ಲಿ ಕೊಡೆಯಮ್ಮ," ಅಂದ.

"ಮಹಡಿ ಮೇಲೆ ಇನ್ನೊಬ್ಬನಿದ್ದಾನೆ," ಎಂದಳು ಕೊಡೆಯಮ್ಮ, ಒಂಟಿ ಕಣ್ಣನ್ನು ಬೇರೆಲ್ಲೋ ಹೊರಳಿಸಿ. "ನೋಡಿ ಹೆದರಬೇಡ. ಹೆದರಿದ್ರೂ ತೋರಿಸಬೇಡ, ಅವನಿಗೆ ಬೇಜಾರಾಗತ್ತೆ."

ಮಹಡಿಯ ಕೋಣೆಯಲ್ಲಿ ಕಾಗದದ ಒಂದು ಮಡಚು ತೆರೆ ನಿಂತಿತ್ತು. ಅದರ ಮೇಲೆ ಶಾಯಿಯಲ್ಲಿ ಬರೆದ ಬೆಟ್ಟ, ಗಾಳಿಗೆ ಬಾಗಿದ ಒಂದು ಮರ. ಮರದ ಕೆಳಗೆ ಆಳೆತ್ತರದ ಖಾಲಿ ಜಾಗ. ಅಲ್ಲಿರಬೇಕಾದವನು ಕಿಟಕಿಯ ಬಳಿ, ನನಗೆ ಬೆನ್ನು ಮಾಡಿ, ಕೈಯನ್ನು ತೋಳಿನೊಳಗೆ ಹುದುಗಿಸಿಕೊಂಡು ನಿಂತಿದ್ದ. ನೀಲಿ ಮಾಸಿದ ಉದ್ದ ನಿಲುವಂಗಿ. ಎತ್ತಿ ಕಟ್ಟಿದ ಕೂದಲು. ಆ ಬೆನ್ನಿನ ಚೆಲುವನ್ನು ಏನೆಂದು ಹೇಳಲಿ! ಅಜ್ಜಿಯ ಕಥೆಯ ರಾಜಕುಮಾರರೆಲ್ಲ ಮುಂದಿನಿಂದ ಚೆಂದ. ಹಿಂದಿನಿಂದ ಅವರು ಹೇಗಿದ್ದರು ಎಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ.

"ಹೊಸ ಯಜಮಾನರಾ?" ಎಂದ ಅವನು.

"ಈ ಕಡೆ ತಿರುಗಿ ಕೇಳಬಾರದಾ?"

"ತಿರುಗಿದರೆ ನಿಮಗೆ ಇಷ್ಟವಾಗಲಿಕ್ಕಿಲ್ಲ."

"ಇಷ್ಟ ಕಷ್ಟ ನಂಗೆ ಬಿಡಿ."

ತಿರುಗಿದ. ಮುಖ ಇರಲಿಲ್ಲ. ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ನುಣ್ಣಗೆ, ಬೆಳ್ಳಗೆ, ಅಷ್ಟೆ. ಬೇರೆ ಯಾರಾಗಿದ್ದರೂ ಮೆಟ್ಟಿಲಿನಿಂದ ಉರುಳಿ ಬೀಳುತ್ತಿದ್ದರು. ಆದರೆ ನನ್ನ ಕಸುಬೇ ಅದು. ಬಟ್ಟೆ ಅಂಗಡಿಗಳಲ್ಲಿ ಸೀರೆ ಉಟ್ಟು, ಕೋಟು ತೊಟ್ಟು ನಿಂತಿರುತ್ತವಲ್ಲ, ಆ ಗೊಂಬೆಗಳನ್ನು ಮಾಡುವ ಕಾರ್ಖಾನೆಯಲ್ಲಿ ನಾನು ಮುಖ ಬರೆಯುವವಳು. ದಿನಾ ಬೆಳಿಗ್ಗೆ ಸಾಲುಸಾಲು ಖಾಲಿ ಮುಖಗಳಿಗೆ "ಬಂದೆ, ತಡೀರಿ" ಎಂದು ಹೇಳಿಯೇ ಬ್ರಷ್ಷು ಎತ್ತುವವಳು.

"ಓ, ಇಷ್ಟೇನಾ," ಅಂದೆ. "ಮೈಬಣ್ಣ ಚೆನ್ನಾಗಿ ಕೂತಿದೆ. ಒಂದು ಗುಳ್ಳೆ ಕೂಡ ಎದ್ದಿಲ್ಲ."

ಅವನ ಭುಜ ಕುಲುಕತೊಡಗಿತು. ನಗುತ್ತಿದ್ದಾನೆ ಎಂದು ಅರ್ಥವಾಗಲು ನನಗೆ ಕೊಂಚ ಸಮಯ ಹಿಡಿಯಿತು.

ಅವನನ್ನು ಬರೆದವರು ಆ ಹಲ್ಲಿನ ಡಾಕ್ಟರೇ. ಬಿಡುವಿನಲ್ಲಿ ಚಿತ್ರ ಬರೆಯುವ ಹವ್ಯಾಸ. ಬೆಟ್ಟ, ಮರ, ಬಟ್ಟೆಯ ನೆರಿಗೆ ಎಲ್ಲ ಸೊಗಸಾಗಿ ಬಂದವಂತೆ. ಮುಖಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಬೆಳಗಿಂದ ಸಂಜೆವರೆಗೆ ಬಾಯಿ ತೆರೆದ ಮುಖಗಳನ್ನೇ ನೋಡಿದವರಿಗೆ ಬಾಯಿ ಮುಚ್ಚಿದ ಮನುಷ್ಯ ಹೇಗಿರುತ್ತಾನೆ ಎಂಬುದೇ ಮರೆತುಹೋಗಿತ್ತು. ನಾಳೆ ಬರೆದರಾಯಿತು ಎಂದು ಬಿಟ್ಟವರು ಹಡಗು ಹತ್ತಿದರು. ಆಮೇಲೆ ಇವನು ಚಿಕ್ಕಜ್ಜಿಯನ್ನು ಕೇಳಿದ. ಅವಳೂ ನಾಳೆ, ನಾಳೆ ಅನ್ನುತ್ತಲೇ ಮುದುಕಿಯಾದಳು.

ನಾನು ಬಟ್ಟೆಬರೆ ತಂದು ಅಲ್ಲೇ ಇರತೊಡಗಿದೆ. ಸಂಜೆ ಕೆಲಸ ಮುಗಿಸಿ ಬಂದರೆ ಅವನು ಕಿಟಕಿಯ ಬಳಿ ಕಾದಿರುತ್ತಿದ್ದ. ಕಿವಿಗಳನ್ನು ಡಾಕ್ಟರು ಬರೆದಿದ್ದರಿಂದ ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಹಾಗಾಗಿ ಬೀದಿಯನ್ನು ನಾನು ಅವನಿಗೆ ನೋಡಿ ಹೇಳಬೇಕಿತ್ತು.

"ಬೀಗದಂಗಡಿಯವರು ಬಾಗಿಲು ಹಾಕ್ತಿದ್ದಾರೆ. ತಮ್ಮ ಅಂಗಡಿ ಬೀಗದ ಕೈನೇ ಎಲ್ಲೋ ಇಟ್ಟು ಜೇಬೆಲ್ಲ ತಡಕಾಡ್ತಿದ್ದಾರೆ."

"ಮುಖ ಹೇಗಿದೆ?"

"ಕಳ್ಳನ ಮುಖ. ಹೆಂಡತಿ ನೋಡ್ತಿದ್ದಾಳಾ ಅಂತ ಮೇಲೆ ನೋಡ್ತಿದ್ದಾರೆ."

"ಹೆಂಡತಿ ನೋಡ್ತಿದ್ದಾರಾ?"

"ಅಯ್ಯೋ, ನೋಡದೇ ಇರ್ತಾರಾ! ಬಾಲ್ಕನೀಲಿ ನಿಂತಿದ್ದಾರೆ. ಕೀ ಅವರ ಕೈಯಲ್ಲೇ ಇದೆ."

ಅವನ ಭುಜ ಕುಲುಕಿದರೆ ನನಗೆ ಆ ದಿನದ ಆಯಾಸವೆಲ್ಲ ಇಳಿದುಹೋಗುತ್ತಿತ್ತು. "ಬಾಯಿಲ್ಲದೆ ಅದ್ಹೇಗೆ ಮಾತಾಡ್ತೀರಿ?" ಎಂದು ಒಮ್ಮೆ ಕೇಳಿದೆ.

"ಬಾಯಿರೋರೆಲ್ಲ ಮನಸ್ಸಲ್ಲಿರೋದನ್ನ ಹೇಳ್ತಾರೆ ಅಂತ ಯಾರು ಹೇಳಿದ್ರು ನಿಮಗೆ?" ಎಂದು ತಿರುಗಿಸಿ ಕೇಳಿದ. ನನ್ನ ಕಿವಿ ಬಿಸಿಯಾಯಿತು. ಕೆಳಗಿನಿಂದ ಕೊಡೆಯಮ್ಮ, "ಬೆನ್ನರಾಯಾ, ಹುಡುಗಿ ಊಟ ಮಾಡಿಲ್ಲ ಇನ್ನೂ! ನಿನ್ನ ಮಾತು ನುಂಗಿ ಹೊಟ್ಟೆ ತುಂಬತ್ತಾ?" ಎಂದು ಕೂಗಿದಳು. ಅವನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. ನಾನೂ ಮನಸ್ಸಿನಲ್ಲಿ ಹಾಗೇ ಕರೆಯತೊಡಗಿದ್ದೆ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು.

ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂರುವ ವಿಗ್ಗಕ್ಕ ಗೊಂಬೆಗಳ ತಲೆಗೆ ಕೂದಲು ಅಂಟಿಸುವವಳು. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ಏನೇ, ಈ ಸಾಲಿನ ಗೊಂಬೆಗಳೆಲ್ಲ ನಾಚ್ಕೊಂಡಿವೆ? ಕೆನ್ನೆಗೆ ಎಷ್ಟು ಕೆಂಪು ಬಳ್ದಿದ್ದೀಯ!"

"ಆರ್ಡರೇ ಹಾಗಿದೆ ಅಕ್ಕ."

"ಹ್ಞೂಂ. ಆರ್ಡರ್ ಕೊಟ್ಟೋನು ಯಾರು ಅಂತ ಕೇಳಿದ್ದು. ನೋಡೋಕೆ ಹೇಗಿದ್ದಾನೆ?"

"ಇನ್ನೂ ಸರಿಯಾಗಿ ನೋಡಿಲ್ಲ."

"ನೋಡದೇನೇ ಇಷ್ಟಾ? ನೋಡಿದ ಮೇಲೆ ಏನು ಗತಿ!"

ಆ ಮಾತು ತಲೆಗೆ ಹೊಕ್ಕಿತು. ಮುಖ ಬರೆಯುವವಳ ಮನೆಯಲ್ಲಿ ಮುಖವಿಲ್ಲದವನೊಬ್ಬ ಯಾಕಿರಬೇಕು? ಅಂದು ಸಂಜೆಯೇ ಕೇಳಿದೆ. "ನಾನು ಬರೀಲಾ?"

"ಬರೆದರೆ ನಿಮ್ಮನ್ನ ನೋಡಬಹುದು," ಎಂದ ಮೆಲ್ಲಗೆ, ಲೆಕ್ಕ ಹಾಕುವವನ ಹಾಗೆ. ಆಮೇಲೆ, "ಬರೀರಿ," ಎಂದ.

ಕೊಡೆಯಮ್ಮ ಮೆಟ್ಟಿಲಿನ ಮೇಲೆ ಟಕ್ ಟಕ್ ಎಂದು ಕುಪ್ಪಳಿಸುತ್ತ ಬಂದಳು. ಏನೋ ಹೇಳಲು ಮಡಿಕೆ ಬಿಚ್ಚಿದಳು. ಅವನು ಅವಳ ಕಡೆ ಆ ಖಾಲಿ ಮುಖವನ್ನು ತಿರುಗಿಸಿದ. ಅವಳು ಪಟಕ್ಕನೆ ಮುಚ್ಚಿಕೊಂಡಳು. ಹುರುಪಿನಲ್ಲಿದ್ದ ನನಗೆ ಅದು ಕಂಡೂ ಕಾಣಲಿಲ್ಲ.

ಮರುದಿನ ರಜೆ ಹಾಕಿ, ಬೆಳಗಿನ ಬೆಳಕಿಗೆ ಕಿಟಕಿಯೆದುರು ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ. ತುಟಿ ಮೊದಲು, ಆಮೇಲೆ ಮೂಗಿನ ನೆರಳು, ಹುಬ್ಬು, ಕಡೆಗೆ ಕಣ್ಣು. ಇದು ನಮ್ಮ ಕ್ರಮ. ತುಟಿಯ ಅಂಚಿನಲ್ಲಿ ಒಂದು ಚೂರು ತುಂಟತನ ಇಟ್ಟೆ. ಅವನ ಮಾತಿಗೆ ಅದು ಬೇಕಿತ್ತು. ಮೂಗಿಗೆ ಕೊಂಚ ಗತ್ತು. ಕಣ್ಣಿನ ರೆಪ್ಪೆ ಎಳೆಯುವಾಗ ನನ್ನ ಉಸಿರು ಅವನ ಕೆನ್ನೆಗೆ ತಾಗಿ ಬಣ್ಣ ಬೇಗ ಒಣಗಿತು. ಬಚ್ಚಲಣ್ಣ ಬಾಗಿಲ ಸಂದಿಯಲ್ಲಿ ನಿಂತು ಬಿಕ್ಕುತ್ತಿದ್ದ. ಇವನಿಗೆ ಯಾಕೆ ಅಳು ಅಂದುಕೊಂಡೆ.

ಕೊನೆಯ ಗೆರೆ ಎಳೆದು ಬ್ರಷ್ಷು ಕೆಳಗಿಟ್ಟೆ. ಅವನು ಕಣ್ಣು ತೆರೆದ.

ಅಬ್ಬಾ! ನನ್ನ ಕೈಕೆಲಸವೇ ನನ್ನ ಎದೆಗೆ ಗುದ್ದಿದ ಹಾಗಾಯಿತು.

"ಹೇಗಿದ್ದೀನಿ ನಾನು?" ಎಂದು ಕೇಳಿದೆ. ಹೇಗಿದ್ದೀರಿ ನೀವು ಎಂದು ಕೇಳುವ ಬದಲು.

ಅವನು ನೋಡಿದ. ಹುಡುಕಿದ. ಆ ಚೆಂದದ ಹುಬ್ಬುಗಳು ಗಂಟಿಕ್ಕಿದವು.

"ಬಾಗಿಲ ಚಿಲಕ ಚೆನ್ನಾಗಿದೆ," ಎಂದ.

"ಏನು?"

"ಹಿತ್ತಾಳೆದು. ನೀವೆಲ್ಲಿ?"

ನಾನು ಎಡಕ್ಕೆ ಸರಿದೆ. ಅವನ ನೋಟ ಇನ್ನೂ ಎಡಕ್ಕೆ ಸರಿಯಿತು. ಬಲಕ್ಕೆ ಬಂದೆ. ಅದು ನನ್ನ ಭುಜದ ಪಕ್ಕದಿಂದ ಹಾದು ಗೋಡೆಯ ಮೊಳೆಯ ಮೇಲೆ ಕೂತಿತು. ಅವನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. "ಕಿವಿಯ ಓಲೆ ಕಾಣಿಸ್ತಿದೆ," ಎಂದ ಸಂಭ್ರಮದಿಂದ. "ಅದರ ಪಕ್ಕದಲ್ಲಿ ನೀವಿರಬೇಕು, ಅಲ್ವಾ?"

ಆ ಕಣ್ಣು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಾರ್ಖಾನೆಯ ಮೊದಲ ಪಾಠವೇ ಅದು: ಗೊಂಬೆ ಗಿರಾಕಿಯನ್ನು ನೋಡಬಾರದು. ನೋಡಿದರೆ ಗಿರಾಕಿ ಬೆದರಿ ಅಂಗಡಿಯಿಂದ ಹೊರಗೆ ಹೋಗುತ್ತಾನೆ. ಕಣ್ಣಾಲಿಯನ್ನು ಕೂದಲೆಳೆಯಷ್ಟು ಆಚೆಗಿಟ್ಟು, ನೋಟ ಭುಜದ ಮೇಲಿಂದ ಹಾದು ಹೋಗುವಂತೆ ಬರೆಯಬೇಕು. ವರ್ಷಗಟ್ಟಲೆ ನನ್ನ ಕೈ ಬರೆದಿದ್ದು ಅದೊಂದನ್ನೇ. ಪ್ರೀತಿಯಲ್ಲಿ ಬರೆದಾಗಲೂ ಕೈ ಸಂಬಳದ ಕಣ್ಣನ್ನೇ ಬರೆದಿತ್ತು.

ಹಿಂದೆ ಕೊಡೆಯಮ್ಮ ರಪ್ಪನೆ ಪೂರ್ತಿ ಬಿಚ್ಚಿಕೊಂಡಳು. "ಇವನು ಇನ್ನೂ ಇಲ್ಲೇ ಇದ್ದಾನಲ್ಲೋ!"

"ಇದ್ದಾನೆ! ಇದ್ದಾನೆ!" ಎಂದು ಬಚ್ಚಲಣ್ಣ ಅಳುತ್ತಲೇ ಕುಣಿದ.

"ಇರದೆ ಎಲ್ಲಿ ಹೋಗ್ತಾರೆ?" ಎಂದೆ.

ಆಗ ಹೊರಬಂತು ವಿಷಯ. "ಮುಗಿದ ಚಿತ್ರಕ್ಕೆ ಹೊರಗೇನು ಕೆಲಸ ಹುಡುಗಿ?" ಎಂದಳು ಕೊಡೆಯಮ್ಮ. "ಮುಗೀದೇ ಇದ್ದದ್ದೇ ಹೀಗೆ ಅಲೆಯೋದು. ಮುಖ ಪೂರ್ತಿಯಾದ ದಿನ ಇವನು ಆ ಮರದ ಕೆಳಗೆ ಹೋಗಿ ನಿಂತ್ಕೊಳ್ತಾನೆ. ಆಮೇಲೆ ಮಾತಿಲ್ಲ, ಕಥೆಯಿಲ್ಲ. ಬರೀ ಚಿತ್ರ. ಕಣ್ಣು ತಪ್ಪಿದ್ದಕ್ಕೆ ಮುಖ ಇನ್ನೂ ಪೂರ್ತಿಯಾಗಿಲ್ಲ, ಅದಕ್ಕೇ ಉಳ್ಕೊಂಡಿದ್ದಾನೆ. ನಿಮ್ಮ ಚಿಕ್ಕಜ್ಜಿ ನಾಳೆ ನಾಳೆ ಅಂತಿದ್ದದ್ದು ಬ್ರಷ್ಷು ಹಿಡಿಯೋಕೆ ಬರದೆ ಅಂದ್ಕೊಂಡ್ಯಾ?"

"ಮತ್ತೆ ಮೊದಲೇ ಯಾಕೆ ಬೊಗಳಲಿಲ್ಲ?" ಸಿಟ್ಟಿನಲ್ಲಿ ನನ್ನ ಬಾಯಿಂದಲೂ ಚಿಕ್ಕಜ್ಜಿಯ ಮಾತೇ ಬಂತು.

"ಅವನೇ ಬೇಡ ಅಂದ. ಒಂದು ಸಲ ನಿನ್ನನ್ನ ನೋಡಿದ್ರೆ ಸಾಕಂತೆ. ಆಮೇಲೆ ಚಿತ್ರವಾದ್ರೂ ಪರವಾಗಿಲ್ಲವಂತೆ. ನಾನೇನು ಮಾಡ್ಲಿ, ಕೊಡೆ ನಾನು. ಮಳೆ ತಡೀಬಹುದು, ಇದನ್ನಲ್ಲ."

ಅವನು ಬಾಗಿಲ ಚಿಲಕವನ್ನು ನೋಡುತ್ತ ಕೂತಿದ್ದ. ನಾನೇ ಬರೆದ ತುಟಿಯ ಅಂಚು ಸಣ್ಣಗೆ ನಡುಗುತ್ತಿತ್ತು. "ಕಣ್ಣು ಸರಿ ಮಾಡಿ," ಎಂದ.

"ಮಾಡಲ್ಲ."

"ಒಂದೇ ಒಂದು ಸಲ ನೋಡ್ತೀನಿ."

"ನೋಡಿ ಆರಾಮಾಗಿ ಮರದ ಕೆಳಗೆ ಹೋಗಿ ನಿಂತ್ಕೋತೀರಿ. ನಾನು ಇಲ್ಲಿ ದಿನಾ ಧೂಳು ಒರೆಸಿಕೊಂಡು ಕೂರ್ಬೇಕು. ಚೆನ್ನಾಗಿದೆ ನಿಮ್ಮ ಲೆಕ್ಕ!"

"ಹೀಗಿದ್ದರೆ ಜೀವಮಾನವೆಲ್ಲ ನಿಮ್ಮ ಪಕ್ಕದ ಗೋಡೆ ನೋಡ್ಕೊಂಡಿರಬೇಕು."

"ನೋಡಿ. ಒಳ್ಳೇ ಗೋಡೆ."

ಇಬ್ಬರೂ ಮಾತು ಬಿಟ್ಟೆವು. ಮುಖ ಬಂದ ಮೇಲೆ ಅವನು ಮುಖ ಊದಿಸುವುದನ್ನೂ ಕಲಿತುಬಿಟ್ಟ. ಆ ದಿನಗಳಲ್ಲಿ ಆ ಮನೆಯಲ್ಲಿ ಸಂತೋಷವಾಗಿದ್ದವನು ಬಚ್ಚಲಣ್ಣ ಒಬ್ಬನೇ. ನಾನು ಬೇಜಾರಿಗೆ ತಲೆಗೆ ಸುರಿದುಕೊಂಡಿದ್ದ ಎಣ್ಣೆ ಅಷ್ಟಿತ್ತು.

ಆ ವಾರ ಕಾರ್ಖಾನೆಗೆ ಒಂದು ಗಾಡಿ ತುಂಬ ಗೊಂಬೆಗಳು ವಾಪಸು ಬಂದವು. ಯಜಮಾನರು ನನ್ನ ಮೇಜಿನ ಮುಂದೆ ಒಂದನ್ನು ತಂದು ಕುಕ್ಕಿದರು.

"ಏನಮ್ಮ ಇದು? ಕಣ್ಣು ನೋಡು, ಮೂಗು ನೋಡು, ಎಲ್ಲ ಇದೆ. ಬಲಗಡೆ ಹುಬ್ಬೆಲ್ಲಿ?"

ನೋಡಿದೆ. ಸಾಲು ಸಾಲಿಗೂ ಬಲಹುಬ್ಬಿಲ್ಲ. ಎಲ್ಲರೂ ಏನೋ ಅರ್ಧ ಕೇಳಿಸಿಕೊಂಡು ಅರ್ಧ ನಂಬದವರ ಹಾಗೆ ನಿಂತಿದ್ದರು.

"ಮರೆತಿದ್ದೀನಿ ಅನ್ಸತ್ತೆ ಸಾರ್."

"ಅನ್ಸತ್ತೆ! ಒಂದು ಹುಬ್ಬಿಲ್ಲ ಅಂದ್ರೆ ಗೊಂಬೆ ಮುಗಿದಿಲ್ಲ ಅಂತಲೇ ಲೆಕ್ಕ. ಇನ್ನೆಲ್ಲ ಬರೆದೂ ಬರೀದೇ ಇದ್ದ ಹಾಗೆ. ಅರ್ಥ ಆಯ್ತಾ?"

ನಾನು ಎದ್ದು ನಿಂತೆ. "ಇನ್ನೊಂದ್ಸಲ ಹೇಳಿ ಸಾರ್."

"ಮುಗಿದಿಲ್ಲ ಅಂತಲೇ ಲೆಕ್ಕ!"

"ಥ್ಯಾಂಕ್ಸ್ ಸಾರ್," ಎಂದು ಬಣ್ಣ ಕರಗಿಸುವ ಥಿನ್ನರ್ ಬಾಟಲಿಯನ್ನೂ ಬ್ರಷ್ಷನ್ನೂ ಚೀಲಕ್ಕೆ ತುರುಕಿಕೊಂಡೆ.

"ಎಲ್ಲಿಗೆ ಹೊರಟೆ? ಈ ಹುಬ್ಬುಗಳನ್ನ ಯಾರು ಬರೀಬೇಕು?"

"ಇವತ್ತು ನಾನು ಬರೀತೀನಿ ಬಿಡಿ ಸಾರ್," ಎಂದಳು ವಿಗ್ಗಕ್ಕ, ಕೂದಲಿನ ಕಂತೆ ಬದಿಗಿಟ್ಟು. "ಅವಳನ್ನ ತಡೆದ್ರೆ ನಾಳೆ ಕಣ್ಣೂ ಬಿಟ್ಟು ಕಳಿಸ್ತಾಳೆ."

ಮನೆಗೆ ಬಂದಾಗ ಬಿಸಿಲು ಇನ್ನೂ ಮಹಡಿಯ ನೆಲದ ಮೇಲಿತ್ತು. ಅವನು ಗೋಡೆ ನೋಡುತ್ತ ಕೂತಿದ್ದ. ನಾನು ಏದುಸಿರಿನಲ್ಲೇ ಎಲ್ಲ ಹೇಳಿದೆ. ಬಲಹುಬ್ಬು ಒರೆಸುತ್ತೇನೆ, ಆಮೇಲೆ ಕಣ್ಣು ತಿದ್ದುತ್ತೇನೆ. ಚಿತ್ರ ಮುಗಿಯುವುದಿಲ್ಲ, ನೋಟವೂ ಸಿಗುತ್ತದೆ.

ಕೊಡೆಯಮ್ಮ ತಲೆಯಾಡಿಸಿದಳು. "ಡಾಕ್ಟರು ಬಿಟ್ಟಿದ್ದು ಪೂರ್ತಿ ಮುಖ. ನೀನು ಬಿಡ್ತಿರೋದು ಒಂದು ಹುಬ್ಬು. ಅಷ್ಟು ಸಣ್ಣ ದಾರಕ್ಕೆ ಇಷ್ಟು ದೊಡ್ಡ ಆಳು ನಿಲ್ತಾನಾ? ಯಾರಿಗೆ ಗೊತ್ತು? ಹಿಂದೆ ಯಾರೂ ಮಾಡಿ ನೋಡಿಲ್ಲ."

ನನ್ನ ಹುರುಪೆಲ್ಲ ಇಳಿದುಹೋಯಿತು. ಬ್ರಷ್ಷು ಹಿಡಿದ ಕೈ ಅಲ್ಲೇ ನಿಂತಿತು. ಬೇಡ, ನಾಳೆ ನೋಡೋಣ ಎಂದು ಹೇಳಲು ಬಾಯಿ ತೆರೆದೆ. ಆಗ ತಿಳಿಯಿತು, ಚಿಕ್ಕಜ್ಜಿ ಇದೇ ಜಾಗದಲ್ಲಿ ನಿಂತು, ಇದೇ ಮಾತನ್ನು ಎಷ್ಟು ಸಲ ಹೇಳಿರಬೇಕು ಎಂದು. ಅವಳನ್ನು ದೂರಲು ನನಗೆ ಮನಸ್ಸಾಗಲಿಲ್ಲ.

"ನೀವು ಹೇಳಿ," ಎಂದೆ ಅವನಿಗೆ. "ಮುಖ ನಿಮ್ಮದು."

ಅವನು ನನ್ನ ಓಲೆಯನ್ನು ನೋಡಿ ನಕ್ಕ. "ಬರಿ," ಎಂದ. "ನಿಂತರೆ ನಿನ್ನ ಜೊತೆ ಜಗಳ ಮುಂದುವರಿಸ್ತೀನಿ. ನಿಲ್ಲದಿದ್ದರೆ ಜಗಳದಲ್ಲಿ ನೀನೇ ಗೆದ್ದೆ."

ಮೊದಲ ಸಲ ನೀನು ಎಂದಿದ್ದ. ಕೈ ನಡುಗಿದರೆ ಕಣ್ಣು ಕೆಡುತ್ತದೆ ಎಂದು ನಾನು ತುಟಿ ಕಚ್ಚಿಕೊಂಡೆ.

ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಬಲಹುಬ್ಬನ್ನು ಒರೆಸಿ ತೆಗೆದೆ. ಹಳೇ ಕಣ್ಣಾಲಿಗಳನ್ನೂ ತೆಗೆದೆ. ಹೊಸದನ್ನು ಎಲ್ಲಿಡಬೇಕೆಂದು ನನ್ನ ಕೈಗೆ ಗೊತ್ತಿರಲಿಲ್ಲ; ಕಲಿತ ವಿದ್ಯೆಯೆಲ್ಲ ಆಚೆ, ಆಚೆ ಎಂದು ಎಳೆಯುತ್ತಿತ್ತು. ಕಡೆಗೆ ಕೈಯ ಮಾತು ಕೇಳುವುದು ಬಿಟ್ಟು, ಅವನ ಎದುರಿಗೆ ಮುಖವಿಟ್ಟು, ನಾನು ಎಲ್ಲಿದ್ದೇನೋ ಅಲ್ಲಿಗೇ ಬರೆದೆ. ಎಡಗಣ್ಣು. ಬಲಗಣ್ಣು. ನಡುವೆ ಒಂದೊಂದು ಸಣ್ಣ ಬಿಳಿ ಚುಕ್ಕೆ, ಬೆಳಕು ನಿಲ್ಲುವುದಕ್ಕೆ.

ಅವನ ನಿಲುವಂಗಿಯ ಅಂಚು ಕಾಗದದ ಹಾಗೆ ತೆಳ್ಳಗಾಯಿತು. ಬಚ್ಚಲಣ್ಣ ಚೀರಿದ. ಹೆಗಲು, ಕುತ್ತಿಗೆ, ಕೆನ್ನೆಯ ಒಂದು ಬದಿ ಎಲ್ಲ ಬಿಸಿಲು ಆಚೆಯಿಂದ ಕಾಣುವಷ್ಟು ತೆಳ್ಳಗಾದವು. ತೆರೆಯ ಮೇಲಿನ ಮರ ಗಾಳಿಯಿಲ್ಲದೆ ಅಲ್ಲಾಡಿತು. ಆ ತೆಳುವು ಕೆನ್ನೆಯಿಂದ ಮೇಲೆ ಹತ್ತಿ, ಕಣ್ಣು ದಾಟಿ, ಬಲಹುಬ್ಬು ಇರಬೇಕಾದ ಜಾಗಕ್ಕೆ ಬಂತು. ಅಲ್ಲಿ ನಿಂತಿತು. ಮೇಲೆ ಹೋಗಲು ಗೆರೆ ಇರಲಿಲ್ಲ. ಸ್ವಲ್ಪ ಹೊತ್ತು ತಬ್ಬಿಬ್ಬಾದ ಹಾಗೆ ಅಲ್ಲೇ ಇದ್ದು, ಬಂದ ದಾರಿಯಲ್ಲೇ ಇಳಿದು ಹೋಯಿತು.

ಅವನು ರೆಪ್ಪೆ ಬಡಿದ. ನನ್ನನ್ನು ನೋಡಿದ. ಚಿಲಕವನ್ನಲ್ಲ, ಓಲೆಯನ್ನಲ್ಲ. ನನ್ನನ್ನೇ. ಅಷ್ಟು ನೇರವಾಗಿ ನೋಡುವ ಕಣ್ಣನ್ನು ನಾನು ಹಿಂದೆಂದೂ ಬರೆದಿರಲಿಲ್ಲ, ಆದ್ದರಿಂದ ಎಲ್ಲಿ ನೋಡಬೇಕೆಂದು ತಿಳಿಯದೆ ಈಗ ನಾನೇ ಗೋಡೆ ನೋಡಿದೆ.

"ಮೂಗಿನ ಮೇಲೆ ಬಣ್ಣ ಆಗಿದೆ," ಎಂದ.

"ಇಷ್ಟೆಲ್ಲ ಆದ ಮೇಲೆ ಹೇಳೋದು ಇದನ್ನಾ?"

"ಹೇಳೋದು ಬೇಕಾದಷ್ಟಿದೆ. ಮೊದಲು ಕಣ್ಣಿಗೆ ಬಿದ್ದದ್ದನ್ನ ಹೇಳಿದೆ. ಹೊಸ ಕಣ್ಣು, ಸ್ವಲ್ಪ ತಾಳ್ಮೆ ಇರಲಿ."

ಕೊಡೆಯಮ್ಮ ಹೊಗಳಲು ಪ್ರಯತ್ನಿಸಿದಳು. "ನೀನು… ನಿನ್ನ ಕೈ… ಥೂ, ಹೋಗು, ಊಟ ಮಾಡು," ಎಂದಳು.

ಅಮ್ಮ ಬಂದದ್ದು ಕೆಲವು ತಿಂಗಳಾದ ಮೇಲೆ. ಮಗಳು ಫೋನಿನಲ್ಲಿ ಬರೀ ನಗುತ್ತಾಳೆ, ಏನೋ ಇರಬೇಕು ಎಂದು ಪರೀಕ್ಷೆಗೇ ಬಂದಿದ್ದಳು. ಬಚ್ಚಲಣ್ಣನನ್ನು ನೀರಿನ ಹಂಡೆಯ ಹಿಂದೆ ಅಡಗಿಸಿದೆ. ಕೊಡೆಯಮ್ಮ ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಳು. ಅವನಿಗೆ ಅಪ್ಪನ ಹಳೇ ಅಂಗಿ ತೊಡಿಸಿ, ಚಿಕ್ಕಜ್ಜಿಯ ಕಾಲದಿಂದ ಮಹಡಿಯಲ್ಲಿರುವ ಬಾಡಿಗೆಯವರು ಎಂದು ಪರಿಚಯಿಸಿದೆ. ಸುಳ್ಳೇನಲ್ಲವಲ್ಲ!

ಅವನು ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅಮ್ಮ ಕಪ್ಪನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದಳು.

"ಹುಡುಗ ಲಕ್ಷಣವಾಗಿದ್ದಾನೆ ಕಣೆ. ನಿನ್ನನ್ನ ನೋಡೋ ರೀತಿ ನೋಡಿದ್ರೆ ಇಬ್ಬರೂ ಬಾಡಿಗೆ ಮಾತು ಆಡ್ತಿಲ್ಲ ಅಂತ ಗೊತ್ತಾಗತ್ತೆ. ಆದ್ರೆ ಒಂದು ಹುಬ್ಬಿಲ್ಲವಲ್ಲೇ!"

"ಹೂಂ, ಇಲ್ಲ."

"ಹುಟ್ಟಿನಿಂದಾನಾ?"

"ಹೆಚ್ಚು ಕಡಿಮೆ."

"ಅಯ್ಯೋ, ಅದಕ್ಯಾಕೆ ಯೋಚನೆ!" ಅಮ್ಮ ಆಗಲೇ ಕೈಚೀಲಕ್ಕೆ ಕೈ ಹಾಕಿಯಾಗಿತ್ತು. ಹುಬ್ಬು ತೀಡುವ ಪೆನ್ಸಿಲ್ಲನ್ನು ಹೊರತೆಗೆದು, ಮುಚ್ಚಳ ಕಿತ್ತು, ನಾನು ಬಾಯಿ ತೆರೆಯುವಷ್ಟರಲ್ಲಿ ಹಜಾರಕ್ಕೆ ನಡೆದಳು. "ಬಾಪ್ಪಾ ಇಲ್ಲಿ, ಬೆಳಕಿಗೆ ಬಾ. ನಾಚ್ಕೋಬೇಡ. ಒಂದೇ ಒಂದು ಗೆರೆ, ಆಗೋಯ್ತು."

ಹಿರಿಯರು ಕರೆದರೆಂದು ಅವನು ವಿನಯವಾಗಿ ತಲೆ ಬಗ್ಗಿಸಿಯೂ ಬಿಟ್ಟಿದ್ದ. ಮೂಲೆಯ ಕೊಡೆ ತನ್ನಷ್ಟಕ್ಕೆ ರಪ್ಪನೆ ಬಿಚ್ಚಿಕೊಂಡಿತು. ಬಚ್ಚಲಿನಲ್ಲಿ ಏನೋ ಧೊಪ್ಪೆಂದು ಬಿತ್ತು.

"ಅಮ್ಮಾ, ಬೇಡ!" ನಾನು ಇಬ್ಬರ ನಡುವೆ ನುಗ್ಗಿದೆ. ಪೆನ್ಸಿಲ್ಲು ನನ್ನ ಹಣೆಗೆ ಗೀಚಿತು. "ಮುಟ್ಟಬೇಡ. ಹೀಗೇ ಇರಲಿ."

"ಹೀಗೇ ಅಂದ್ರೆ? ಜನ ನೋಡಿದ್ರೆ ಏನಂತಾರೆ?"

"ಏನಾದ್ರೂ ಅನ್ನಲಿ. ನನಗೆ ಹೀಗೇ ಬೇಕು."

ಅಮ್ಮ ನನ್ನನ್ನು ನೋಡಿದಳು. ನನ್ನ ತಲೆಯ ಮೇಲಿಂದ ಅವನನ್ನು ನೋಡಿದಳು. ಅವನು ಈಗಷ್ಟೇ ಚಿತ್ರದೊಳಗೆ ಹೋಗಿ ಬಂದವನ ಹಾಗೆ ಬಿಳಿಚಿದ್ದ.

"ಸರಿ ಬಿಡಮ್ಮ," ಎಂದು ಪೆನ್ಸಿಲ್ಲಿಗೆ ಮುಚ್ಚಳ ಹಾಕಿದಳು. "ನಿಮ್ಮಪ್ಪನನ್ನ ಸರಿ ಮಾಡೋಕೆ ಅಂತ ನಾನೂ ಮದುವೆಯಾದ ದಿನದಿಂದ ಹಿಂದೆ ಬಿದ್ದಿದ್ದೀನಿ. ಇವತ್ತಿಗೂ ಮುಗಿದಿಲ್ಲ. ಮನುಷ್ಯ ಎಲ್ಲಿಗೂ ಹೋಗದೆ ಮನೇಲೇ ಇದ್ದಾರೆ, ಅಷ್ಟೇ ಸಮಾಧಾನ."

ಹಾಗೆಂದು ಕುರ್ಚಿ ಎಳೆದು ಕೂತು, ತಣ್ಣಗಾದ ಟೀಯನ್ನು ಒಂದು ಗುಟುಕು ಕುಡಿದಳು. "ಸಕ್ಕರೆ ಕಮ್ಮಿ," ಎಂದು ಅವನಿಗೆ ಕಪ್ಪು ಚಾಚಿದಳು. ಅವನು ಸಕ್ಕರೆ ತರಲು ಅ‌ಡುಗೆಮನೆಗೆ ಓಡಿದ. ಓಡುವಾಗ ಹಿಂದಿನಿಂದ ಅವನು ಇನ್ನೂ ಎಷ್ಟು ಚೆಂದ ಕಾಣುತ್ತಾನೆ ಎಂದು ನೋಡುತ್ತ ನಿಂತ ನನಗೆ, ಅಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪೇ ಇರಲಿಲ್ಲ.